ಬಹುಮುಖ ಅನ್ನುವ ಮಾತು ತೆಗೆದು ನೋಡು

ಶಿರಸಿ

ಪ್ರೀತಿಯ ತಮ್ಮಾ,

ಕಾರವಾರದಿಂದ ನೀನು ಕಳಿಸಿದ, ಹಿಂದಿ ನಟ ಸಂಜೀವ್ ಕುಮಾರ್ ಬಗ್ಗೆ ಬರೆದ ಲೇಖನ ಎರಡು ಸಲ ಓದಿದೆ. ನಿನಗೆ ಅವರ ಮೇಲಿರುವ ಪ್ರೀತಿ ಪ್ರತಿ ಸಾಲಿನಲ್ಲೂ ಇದೆ. ಅವರು ಮಾತ್ರ ನನಗೆ ಕಾಣಲಿಲ್ಲ.

ಸೂರತ್‌ನಲ್ಲಿ ಹುಟ್ಟಿದ್ದು, ಹರಿಹರ್ ಜರಿವಾಲಾ ಅನ್ನುವ ಹೆಸರು, 'ದಸ್ತಕ್', 'ಕೋಶಿಶ್'ಗೆ ಬಂದ ರಾಷ್ಟ್ರಪ್ರಶಸ್ತಿ, 'ನಯಾ ದಿನ್ ನಯೀ ರಾತ್'ನ ಒಂಬತ್ತು ಪಾತ್ರ, 1985ರಲ್ಲಿ, 47ನೇ ವಯಸ್ಸಿಗೇ ಹೋಗಿಬಿಟ್ಟಿದ್ದು. ಎಲ್ಲ ಸರಿಯಾಗಿದೆ. ಆದರೆ ಉಳಿದದ್ದನ್ನೆಲ್ಲ 'ಬಹುಮುಖ ಪ್ರತಿಭೆ' ಅನ್ನುವ ಮಾತಿಗೆ ಬಿಟ್ಟುಬಿಟ್ಟಿದ್ದೀಯ.

ನಾನೂ ಹಾಗೆ ಬರೆದಿದ್ದೆ. ಹೊನ್ನಾವರ ಕಡೆಯ ಒಬ್ಬ ಯಕ್ಷಗಾನ ಕಲಾವಿದರು ತೀರಿಕೊಂಡಾಗ ಪುಟ ತುಂಬ ಹೊಗಳಿದ್ದೆ. ಅವರ ಹೆಂಡತಿ ಓದಿ, "ಚೆನ್ನಾಗಿದೆ, ಇದರಲ್ಲಿ ನಮ್ಮನೆಯವರು ಎಲ್ಲಿದ್ದಾರೆ?" ಅಂತ ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಅದು ನೋಯುತ್ತದೆ.

ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡು. 1972ರ 'ಕೋಶಿಶ್'ನಲ್ಲಿ ಅವರಿಗೆ ಮಾತಿಲ್ಲ, ಕಿವಿಯೂ ಕೇಳುವುದಿಲ್ಲ. ಇರುವುದು ಎರಡು ಕೈ. ಮಾತು ಬಾರದ ಹುಡುಗಿಯನ್ನು ಮದುವೆಯಾಗಲ್ಲ ಅಂತ ಮಗ ಹೇಳಿದಾಗ, ಅಪ್ಪನ ಸಿಟ್ಟು, ಅವಮಾನ ಎಲ್ಲ ಆ ಕೈಗಳಲ್ಲೇ ಬರಬೇಕು. ಮೂರು ವರ್ಷ ಬಿಟ್ಟು 'ಶೋಲೆ' ಬಂತು. ಅಲ್ಲಿ ಮಾತಿದೆ, ಕೈ ಇಲ್ಲ! ಹೋಳಿಯ ದಿನ ಬಂದೂಕು ಕಾಲ ಬುಡದಲ್ಲೇ ಬಿದ್ದಿದ್ದರೂ ಅವರ ಪಾತ್ರ ಠಾಕೂರ್ ಬಗ್ಗುವುದಿಲ್ಲ, ಸುಮ್ನೆ ನಿಂತಿರುತ್ತಾನೆ. ಮೊದಲ ಸಲ ನೋಡುವವರಿಗೆ ಅವನ ಮೇಲೆ ಸಿಟ್ಟೇ ಬರುತ್ತದೆ. ಶಾಲು ಜಾರಿದ ಮೇಲೆ ಆ ನಿಲುವಿನ ಅರ್ಥ ಗೊತ್ತಾಗುತ್ತದೆ. ಒಂದರಲ್ಲಿ ಬರೀ ಕೈ, ಇನ್ನೊಂದರಲ್ಲಿ ಕೈಯೇ ಇಲ್ಲ. ನಿನ್ನ ಲೇಖನ ಇಲ್ಲಿಂದ ಶುರುವಾಗಬೇಕಿತ್ತು, ಅಲ್ವಾ? ಆ ದೃಶ್ಯವನ್ನು ಧ್ವನಿ ಮುಚ್ಚಿ ನೋಡು. ಭುಜ ಏನು ಮಾಡುತ್ತದೆ, ಕಣ್ಣು ಎಲ್ಲಿ ನಿಲ್ಲುತ್ತದೆ, ಬರೆದುಕೋ.

ವಯಸ್ಸಿನ ವಿಷಯ ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. 1972ರಲ್ಲೇ ಅವರು ಜಯಾ ಭಾದುರಿಗೆ 'ಕೋಶಿಶ್'ನಲ್ಲಿ ಗಂಡ, 'ಪರಿಚಯ್'ನಲ್ಲಿ ಅಪ್ಪ. 'ತ್ರಿಶೂಲ್'ನಲ್ಲಿ ಇವರು ಅಪ್ಪ, ಶಶಿ ಕಪೂರ್ ಮಗ. ಇಬ್ಬರೂ ಹುಟ್ಟಿದ್ದು 1938ರಲ್ಲಿ, ಶಶಿ ಮಾರ್ಚಿನಲ್ಲಿ, ಇವರು ಜುಲೈನಲ್ಲಿ. ಮಗನೇ ಅಪ್ಪನಿಗಿಂತ ದೊಡ್ಡವನು! ನಾಯಕನಾಗುವ ವಯಸ್ಸಿನಲ್ಲಿ ತಲೆ ನರೆಸಿಕೊಂಡು ನಿಲ್ಲುವುದಕ್ಕೆ ಧೈರ್ಯ ಬೇಕು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇದರಿಂದ.

ಇನ್ನು 'ಅಂಗೂರ್', 1982ರದ್ದು. ನಮ್ಮ ಕಡೆ ಹುಟ್ಟಿದವನು ನೀನು, ಯಕ್ಷಗಾನದ ಆಟ ನೋಡಿ ಬೆಳೆದವನು. ರಂಗದ ಮೇಲೆ ಯಾರು ಬಂದರು ಅಂತ ಕಿರೀಟ, ಮುಖದ ಬಣ್ಣ ನೋಡಿದರೆ ದೂರದಿಂದಲೇ ತಿಳಿಯುತ್ತದೆ. 'ಅಂಗೂರ್'ನಲ್ಲಿ ಅವರೇ ಮಾಡಿದ ಇಬ್ಬರು ಅಶೋಕರಿಗೆ ಆ ಅನುಕೂಲ ಇಲ್ಲ. ಅದೇ ಮುಖ, ಅದೇ ಹೆಸರು. ಆದರೂ ನಮಗೆ ಗೊಂದಲ ಆಗಲ್ಲ. ಪತ್ತೇದಾರಿ ಕಾದಂಬರಿ ಓದಿ ಓದಿ ಎಲ್ಲರನ್ನೂ ಅನುಮಾನಿಸುವವನು ಒಬ್ಬ, ಹೆಂಡತಿಯ ಜೊತೆ ಜಗಳದಲ್ಲಿ ಸುಸ್ತಾದವನು ಇನ್ನೊಬ್ಬ. ನೋಡುವ ರೀತಿಯಲ್ಲೇ ಇಬ್ಬರೂ ಬೇರೆ. ವೇಷ ಕಟ್ಟುವ ಊರಿನ ಹುಡುಗ ಇದನ್ನು ಬರೆದರೆ ಅದರ ರುಚಿಯೇ ಬೇರೆ. ಮುಂಬೈಯವರು ಬರೆಯಲಾರದ್ದು ನಿನ್ನ ಹತ್ತಿರ ಇದೆ.

ಚಿತ್ರಗಳ ಪಟ್ಟಿ ತೆಗೆದುಬಿಡು. ಮೂರು ದೃಶ್ಯ ಸಾಕು. ಜಾಸ್ತಿ ಬೇಡ.

ಮಳೆ ಕಡಿಮೆಯಾದ ಮೇಲೆ ಘಟ್ಟ ಹತ್ತಿ ಬಾ. ತಿದ್ದಿದ ಪ್ರತಿ ತಗೊಂಡು ಬಾ. ಊಟ ಮುಗಿಸಿ ಒಟ್ಟಿಗೆ ಕೂತು 'ಅಂಗೂರ್' ನೋಡೋಣ, ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ.

ನಿನ್ನ,
ಶಿರಸಿಯ ಅಣ್ಣ