ಬೈಲಾ ಬಗ್ಗೆ ತಕರಾರೇ? ವಿಶೇಷ ಗ್ರಾಮಸಭೆ ಕರೆಸಿ

ಮಾನ್ಯ ಸಂಪಾದಕರೇ,

ಅಮೆರಿಕದ ಹಲವು ನಗರಗಳಲ್ಲಿ ಜನ ನಿಗದಿತ ಸಂಖ್ಯೆಯ ಸಹಿ ಕೂಡಿಸಿದರೆ ಸ್ಥಳೀಯ ಕಾನೂನನ್ನು ಮತಕ್ಕೆ ಹಾಕಲೇಬೇಕು. ನಮ್ಮ ಪಂಚಾಯತು ಬೈಲಾಗಳಿಗೆ, ಅಂದರೆ ಪಂಚಾಯತು ಮಾಡುವ ಸ್ಥಳೀಯ ನಿಯಮಗಳಿಗೆ, ಅಂಥ ಮತದಾನವಿಲ್ಲ. ಆದರೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 3ನೇ ಸೆಕ್ಷನಿನ ಪ್ರಕಾರ, ವಾರ್ಡಿನ ಶೇ. 10 ಮತದಾರರು ಲಿಖಿತವಾಗಿ ಕೇಳಿದರೆ ಅವರೇ ಕೊಟ್ಟ ಕಾರ್ಯಸೂಚಿಯೊಂದಿಗೆ 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಗಡಿನಾಡು ಕಾಸರಗೋಡಿನ ನಾವು ಇದನ್ನು ಧೈರ್ಯವಾಗಿ ಬಳಸಬೇಕು.

ಅರ್ಜಿ ಕೊಡಬೇಕಾದ್ದು ಸಂಚಾಲಕರಾದ ವಾರ್ಡ್ ಸದಸ್ಯರಿಗೆ. ಕಾರ್ಯದರ್ಶಿಗೂ ಪ್ರತಿ ಕೊಟ್ಟು ತಾರೀಕು ಹಾಕಿದ ಸ್ವೀಕೃತಿ ಪಡೆಯಿರಿ. 15 ದಿನದ ಲೆಕ್ಕಕ್ಕೆ ಅದೇ ಆಧಾರ.

ಎಡವಟ್ಟಾಗುವುದು ಹೆಚ್ಚಾಗಿ ಸಹಿಗಳಲ್ಲಿ. ವಿಧಾನಸಭೆಯ ಮತದಾರರ ಪಟ್ಟಿ ಬೇರೆ, ರಾಜ್ಯ ಚುನಾವಣಾ ಆಯೋಗದ ಪಂಚಾಯತು ಪಟ್ಟಿ ಬೇರೆ. ಇಲ್ಲಿ ನೋಡಬೇಕಾದ್ದು ಎರಡನೆಯದನ್ನು. 2025ರ ಚುನಾವಣೆಗೆ ಮುಂಚೆ ವಾರ್ಡುಗಳ ಪುನರ್ವಿಂಗಡಣೆ ಆಗಿರುವುದರಿಂದ ಹಳೆಯ ನಂಬರು ತಾಳೆಯಾಗದು. ತೋಡಿನಾಚೆಯ ಮನೆ ಈಗ ಪಕ್ಕದ ವಾರ್ಡಿಗೆ ಸೇರಿರಬಹುದು. ಪ್ರತಿ ಹಾಳೆಯ ಮೇಲ್ಭಾಗದಲ್ಲೂ ಬೇಡಿಕೆಯನ್ನು ಪೂರ್ತಿ ಬರೆದು, ಕೆಳಗೆ ಪಟ್ಟಿಯ ಕ್ರಮಸಂಖ್ಯೆ, ಹೆಸರು, ಮನೆ ನಂಬರು, ಸಹಿ ಎಂದು ಕಾಲಂ ಹಾಕಿ. ಖಾಲಿ ಹಾಳೆಗೆ ಸಹಿ ಹಾಕಿಸಿ ಆಮೇಲೆ ಲಗತ್ತಿಸಿದರೆ ಸಂಶಯ ಬರುವುದು ಸಹಜ. ಮನೆಯ ಯಜಮಾನರೇ ಎಲ್ಲರ ಸಹಿ ಗೀಚುವುದಂತೂ ಬೇಡವೇ ಬೇಡ. 1,300 ಮತದಾರರಿದ್ದರೆ 130 ಸಹಿ ಸಾಕು, ಆದರೂ ತಿರಸ್ಕೃತವಾಗುವವನ್ನು ಲೆಕ್ಕ ಹಿಡಿದು 160 ಮಾಡಿಕೊಳ್ಳಿ.

ಕಾರ್ಯಸೂಚಿಯಲ್ಲಿ ‘ಕಸದ ಸಮಸ್ಯೆ’ ಎಂದಷ್ಟೇ ಬರೆದರೆ ಸಭೆ ಮಾತಿನಲ್ಲೇ ಮುಗಿಯುತ್ತದೆ. ‘ಹರಿತ ಕರ್ಮಸೇನೆಗೆ (ಮನೆಮನೆಯ ಕಸ ಸಂಗ್ರಹಿಸುವ ತಂಡ) ಕೊಡುವ ಬಳಕೆದಾರ ಶುಲ್ಕದಲ್ಲಿ ಒಂಟಿ ವೃದ್ಧರ ಮನೆಗಳಿಗೆ ವಿನಾಯಿತಿ ನೀಡಲು ಶಿಫಾರಸು’ ಎಂದು ಬರೆದರೆ ಪರ-ವಿರೋಧ ಕೈ ಎತ್ತಿಸಿ ಎಣಿಸಬಹುದು. ಎರಡು ಸಾಮಾನ್ಯ ಸಭೆಗಳ ನಡುವೆ ಇಂಥ ವಿಶೇಷ ಸಭೆ ಒಂದೇ ಸಲ. ಹಾಗಾಗಿ ಅವಸರ ಬೇಡ.

ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಕೂಡ ಶೇ. 10. ಸಹಿ ಹಾಕಿದವರು ಸಭೆಗೆ ಬಾರದಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು. ನಿರ್ಣಯವನ್ನು ಮತಗಳ ಎಣಿಕೆ ಸಹಿತ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ಅಲ್ಲೇ ಓದಿ ಹೇಳಲು ಕೇಳಿ. ಅದು ಶಿಫಾರಸು ಮಾತ್ರ, ಆಡಳಿತ ಸಮಿತಿ ಒಪ್ಪಲೇಬೇಕೆಂದಿಲ್ಲ. ಆದರೆ ಪರಿಗಣಿಸದೆ ಬದಿಗಿಡುವಂತಿಲ್ಲ. ಸಮಿತಿ ಏನು ತೀರ್ಮಾನಿಸಿತೆಂದು ಮಾಹಿತಿ ಹಕ್ಕಿನಡಿ ನಕಲು ಕೇಳಿ.

ಅರ್ಜಿ ಕನ್ನಡದಲ್ಲೇ ಇರಲಿ. ಬೈಲಾದ ಕನ್ನಡ ಪ್ರತಿಯನ್ನು ಸಭೆಗೆ ಮೊದಲೇ ಹಂಚಬೇಕೆಂದು ಅದರಲ್ಲೇ ಬೇಡಿಕೆ ಇಡಿ. ಏನು ಬರೆದಿದೆಯೆಂದು ಓದಲಾಗದ ಬೈಲಾಕ್ಕೆ ಯಾರೂ ಕೈ ಎತ್ತುವಂತಾಗಬಾರದು.

– ಓದುಗರು, ಪೈವಳಿಕೆ