ಮಕ್ಕಳ ಸಾಮಾಜಿಕ ತನಿಖೆ: ಒಂದು ಭೇಟಿ ಸಾಲದು

ಮಾನ್ಯರೇ,

ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೊಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಾಗ, ಅದರ ಮನೆಯ ಸ್ಥಿತಿಗತಿ ತಿಳಿಯಲು ಸಾಮಾಜಿಕ ತನಿಖಾ ವರದಿ ತರಿಸಿಕೊಳ್ಳುವ ಕ್ರಮವಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಈ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗು ಇನ್ನು ಮುಂದೆ ಯಾರ ಜೊತೆ ಬೆಳೆಯಬೇಕೆಂಬುದು ಬಹುಮಟ್ಟಿಗೆ ಆ ಕೆಲವು ಪುಟಗಳನ್ನೇ ಅವಲಂಬಿಸಿರುವುದರಿಂದ, ಅವು ಹೇಗೆ ತಯಾರಾಗುತ್ತವೆ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಗೆ ಇಂಥದೊಂದು ತನಿಖೆಗಾಗಿ ಸಿಬ್ಬಂದಿಯೊಬ್ಬರು ಬಂದಿದ್ದರು. ಅವರು ಯಾರು, ಯಾವ ಕಚೇರಿಯವರು ಎಂಬುದು ಇಲ್ಲಿ ಮುಖ್ಯವಲ್ಲ. ತಾಯಿ ತೀರಿಕೊಂಡು, ತಂದೆ ಊರು ಬಿಟ್ಟ ಒಂಬತ್ತು ವರ್ಷದ ಹುಡುಗನನ್ನು ಬೀಡಿ ಕಟ್ಟುವ ಅಜ್ಜಿ ಸಾಕುತ್ತಿದ್ದರು. ಅಂದು ಬೆಳಿಗ್ಗೆ ಅವರು ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದರಿಂದ ಮನೆಗೆ ಬೀಗವಿತ್ತು. ಹುಡುಗ ದಿನದಂತೆ ನಮ್ಮ ಜಗಲಿಯಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದ. ವರದಿಯಲ್ಲಿ ಬರೆದದ್ದು, ‘ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲಿರಲಿಲ್ಲ’ ಎಂದು. ಅಜ್ಜಿ ಬಂದ ಮೇಲೆ ಕೇಳಿದ ಪ್ರಶ್ನೆಗಳೆಲ್ಲ ಗ್ರಾಂಥಿಕ ಕನ್ನಡದಲ್ಲಿದ್ದವು. ತುಳು ಬಿಟ್ಟರೆ ಬೇರೆ ಮಾತು ಸಲೀಸಾಗಿ ಬಾರದ ಅವರು, ಬಂದವರಿಗೆ ಎದುರಾಡಬಾರದೆಂಬ ಮರ್ಯಾದೆಯಿಂದ, ಕೇಳಿದ್ದಕ್ಕೆಲ್ಲ ‘ಅಂದ್, ಅಂದ್’ (ಹೌದು, ಹೌದು) ಎಂದರು. ಸಾಕುವುದು ಕಷ್ಟವಾಗುತ್ತದೆಯೇ ಎಂಬುದಕ್ಕೂ ಅದೇ ಉತ್ತರ. ಸಾಕಲು ಅಸಮರ್ಥರು ಎಂದು ದಾಖಲಾಯಿತು, ಕೆಳಗೆ ಅವರ ಹೆಬ್ಬೆಟ್ಟೂ ಬಿತ್ತು. ಹುಡುಗ ಕೆಲವು ತಿಂಗಳು ಬಾಲಮಂದಿರದಲ್ಲಿದ್ದ. ಆಮೇಲೆ ಬಂದ ಇನ್ನೊಬ್ಬ ಕಾರ್ಯಕರ್ತೆ ಸಂಜೆ ಹೊತ್ತು ಅಜ್ಜಿಯ ಬೀಡಿ ತಡ್ಪೆಯ (ಮೊರದ) ಪಕ್ಕದಲ್ಲೇ ಕುಳಿತು ತುಳುವಿನಲ್ಲಿ ಮಾತನಾಡಿಸಿ, ಶಾಲೆಯಲ್ಲಿಯೂ ವಿಚಾರಿಸಿದ ಮೇಲೆ ಅವನು ಮನೆಗೆ ಮರಳಿದ.

ಕೆಲಸದ ಹೊರೆ ಹೆಚ್ಚಿರುವ ಸಿಬ್ಬಂದಿಯನ್ನು ದೂರುವ ಉದ್ದೇಶ ನನ್ನದಲ್ಲ. ಆದರೆ ನಮ್ಮ ಕರಾವಳಿಯ ಮನೆಗಳು ನಮೂನೆಯ ಕಲಂಗಳಿಗೆ ಸುಲಭವಾಗಿ ಹೊಂದುವಂಥವಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕಟ್ಟು ಸಡಿಲವಾಗಿದ್ದರೂ, ಎಷ್ಟೋ ಕುಟುಂಬಗಳಲ್ಲಿ ಮಗುವಿನ ಹೊಣೆ ಹೊರುವವರು ಇಂದಿಗೂ ತಾಯಿಮನೆಯ ಅಜ್ಜಿ ಮತ್ತು ಸೋದರಮಾವ. ತಂದೆಯ ಕಲಂ ಖಾಲಿಯಿದ್ದ ಮಾತ್ರಕ್ಕೆ ಆ ಮಗು ಅನಾಥವಲ್ಲ. ಆದಾಯದ ಲೆಕ್ಕವೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯ ಬೋಟ್ ಕಾರ್ಮಿಕರ ಮನೆಗೆ ಹೋದವರಿಗೂ, ಅಕ್ಟೋಬರ್‌ನಲ್ಲಿ ಅದೇ ಮನೆಗೆ ಹೋದವರಿಗೂ ಕಾಣುವ ಚಿತ್ರ ಒಂದೇ ಆಗಿರುವುದಿಲ್ಲ.

ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಮಾರ್ಗವಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಡತನವೇ ತೊಂದರೆಯಾಗಿದ್ದರೆ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಕೊಡಲು ಅವಕಾಶವಿದ್ದು, ಅದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಪ್ರದೇಶದಲ್ಲಿ 72,000 ಹಾಗೂ ಉಳಿದೆಡೆ 96,000 ರೂಪಾಯಿ. ತನಿಖೆಗೆ ಬಂದವರು ಮೊದಲ ದಿನವೇ ಇದನ್ನು ತಿಳಿಸಿದ್ದರೆ ಆ ಅಜ್ಜಿ ಮೊಮ್ಮಗನನ್ನು ಬಿಟ್ಟಿರಬೇಕಾಗಿರಲಿಲ್ಲ. ಹಿಂಸೆ ಅಥವಾ ದೌರ್ಜನ್ಯದ ಅನುಮಾನವಿರುವ ಮನೆಯ ಮಾತು ಬೇರೆ. ಅಲ್ಲಿ ಒಂದು ದಿನದ ತಡವೂ ಸಲ್ಲದು.

ಉಳಿದ ಪ್ರಕರಣಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಎರಡು ಭೇಟಿ ಆಗಬೇಕು. ಶಾಲೆಯ ಶಿಕ್ಷಕರ, ಅಂಗನವಾಡಿ ಕಾರ್ಯಕರ್ತೆಯ ಮಾತೂ ವರದಿಯಲ್ಲಿರಬೇಕು. ತುಳು, ಕೊಂಕಣಿ, ಬ್ಯಾರಿ ಆಡುವ ಮನೆಗಳಿಗೆ ಆ ಭಾಷೆ ಬಲ್ಲವರೇ ಹೋಗಬೇಕು. ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಮುನ್ನ, ಬರೆದದ್ದನ್ನು ಮನೆಯವರಿಗೆ ಅವರ ಮಾತಿನಲ್ಲೇ ಓದಿ ಹೇಳುವುದನ್ನು ಜಿಲ್ಲಾಡಳಿತ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಉಡುಪಿ