ಪುಸ್ತಕ ಒಪ್ಪಿಸುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡ್ತೀನಿ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿತು. ಕಷ್ಟಕ್ಕೆ ಅಂತ ಕೂಡಿಟ್ಟ ದುಡ್ಡು ಕೊನೆಗೆ ಬಾವುಟಕ್ಕೇ ಹೋಗೋದು, ಅದಕ್ಕೇ ಖಜಾಂಚಿ ಕೆಲಸ ಬಿಡ್ತೀನಿ ಅಂತ. ಡಬ್ಲಿನ್‌ನಲ್ಲಿ ನೀವು ನಾಲ್ಕು ಮನೆಯವರು ಸೇರಿ ತಿಂಗಳಿಗಿಷ್ಟು ಅಂತ ಹಾಕುವ ನಿಧಿ. ಒಬ್ಬರ ಆಸ್ಪತ್ರೆಗೆ, ಇನ್ನೊಬ್ಬರ ದೇಹ ಊರಿಗೆ ಕಳಿಸೋದಕ್ಕೆ. ಈಗ ರಾಜ್ಯೋತ್ಸವದ ಮೆರವಣಿಗೆಗೂ ಅದರಿಂದಲೇ ತೆಗೀರಿ ಅಂತಿದ್ದಾರೆ. ಭಯ ಆಗದೆ ಇರುತ್ತಾ?

ಆದರೆ ನೀನು ಉದಾಹರಣೆ ಕೊಟ್ಟಿದ್ದು ಅಲ್ಲಿಯ ಐರಿಶ್ ನ್ಯಾಷನಲ್ ಫಾರೆಸ್ಟರ್ಸ್ ಅನ್ನುವ ಹಳೇ ಪರಸ್ಪರ ಸಹಾಯ ಸಂಘದ್ದು. ಅಲ್ಲಿ ನನ್ನದು ಸ್ವಲ್ಪ ತಕರಾರಿದೆ. ಸೊಸೈಟಿಯಲ್ಲಿ ಲೆಕ್ಕ ಬರೆದವನು ನಾನು. ಇಂಥ ಸಂಘ ಎಲ್ಲಿದ್ದರೂ ಅದರ ಜಮಾ ಖರ್ಚು ನೋಡುವ ಚಟ.

ಮೊದಲು ಇದ್ದದ್ದು ಇಂಗ್ಲೆಂಡ್ ಮೂಲದ ಏನ್ಶಿಯೆಂಟ್ ಆರ್ಡರ್ ಆಫ್ ಫಾರೆಸ್ಟರ್ಸ್. ಕೂಲಿ ಮಾಡುವವನು ವಾರವಾರ ಪುಡಿಗಾಸು ಕಟ್ಟಬೇಕು. ಕಾಯಿಲೆ ಬಿದ್ದರೆ ಕೈಗೆ ಒಂದಿಷ್ಟು, ಸತ್ತರೆ ಮಣ್ಣಿನ ಖರ್ಚು. ದಿಕ್ಕಿಲ್ಲದ ಹೆಣವಾಗಿ ಹೋಗಬಾರದು ಅನ್ನುವ ಹೆದರಿಕೆಯೇ ಜನರನ್ನು ಅಲ್ಲಿಗೆ ತರುತ್ತಿತ್ತು. 1877ರಲ್ಲಿ ರಾಜಕೀಯದ ಕಾರಣಕ್ಕೆ ಡಬ್ಲಿನ್‌ನ ಒಂದು ಗುಂಪು ಅದರಿಂದ ಒಡೆದು ಹೊರಬಂತು, ಅದೇ ನೀನು ಹೇಳಿದ ಐರಿಶ್ ನ್ಯಾಷನಲ್ ಫಾರೆಸ್ಟರ್ಸ್. ಐರ್ಲೆಂಡನ್ನು ಐರಿಶ್ ಜನರೇ ಆಳಬೇಕು ಅಂತ ನಿಯಮಾವಳಿಯಲ್ಲೇ ಬರೆದುಕೊಂಡರು ಪುಣ್ಯಾತ್ಮರು! ನಮ್ಮಲ್ಲಿ ಬೈಲಾದಲ್ಲಿ ಇಂಥ ಮಾತು ಬರೆದುಕೊಂಡು ಹೋಗಿದ್ದರೆ ರಿಜಿಸ್ಟ್ರಾರ್ ಕಚೇರಿಯವರು ಕಾಗದ ಮುಖದ ಮೇಲೆ ಎಸೆಯುತ್ತಿದ್ದರು. 1914ರ ಹೊತ್ತಿಗೆ ದೇಶವಿದೇಶ ಸೇರಿ ಸುಮಾರು 2.5 ಲಕ್ಷ ಸದಸ್ಯರು.

ಮೆರವಣಿಗೆಗೆ ಅವರು ರಾಬರ್ಟ್ ಎಮ್ಮೆಟ್‌ನ ವೇಷ ಹಾಕುತ್ತಿದ್ದರಂತೆ. 1803ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಬಂಡಾಯಗಾರ ಅವನು. ಹಸಿರು ಕೋಟು, ಬಿಳೀ ಚಲ್ಲಣ, ಗರಿ ಸಿಕ್ಕಿಸಿದ ಟೋಪಿ, ಕೂರೋದು ಕುದುರೆ ಮೇಲೆ. ಆ ಗರಿಗೆ ಯಾರ ದುಡ್ಡು ಅನ್ನೋದೇ ತಾನೇ ನಿನ್ನ ಪ್ರಶ್ನೆ? ನಾನೂ ಅದನ್ನೇ ಕೇಳ್ತೀನಿ. ಆದರೆ ಒಂದು ಯೋಚನೆ ಮಾಡು. ಬರೀ ಗರಿ ನೋಡೋದಕ್ಕೆ ಯಾರೂ ವರ್ಷಗಟ್ಟಲೆ ವಾರವಾರ ದುಡ್ಡು ಕಟ್ಟೋದಿಲ್ಲ. ಕಾಯಿಲೆಯವನ ಮನೆಗೆ ಹಣ ತಪ್ಪದೆ ಹೋಗಿರಲೇಬೇಕು. ಅದರ ಮೇಲೆಯೇ ಬಾವುಟ ನಿಂತದ್ದು ಅಂತ ನನ್ನ ಲೆಕ್ಕ.

ಆಗ ರಟ್ಲೆಂಡ್ ಚೌಕ ಅಂತಿದ್ದರು, ಈಗಿನ ಪಾರ್ನೆಲ್ ಚೌಕ. ಅಲ್ಲಿ 41ನೇ ನಂಬರಿನಲ್ಲಿ ಫಾರೆಸ್ಟರ್ಸ್ ಸಭಾಂಗಣ. 1913ರಲ್ಲಿ ಅದೇ ಜಾಗದಲ್ಲಿ ಸ್ವಾತಂತ್ರ್ಯ ಬೇಕೆಂದ ಹುಡುಗರು ಗುಟ್ಟಾಗಿ ಕವಾಯತು ಕಲಿತರು. ಮೂರು ವರ್ಷಕ್ಕೆ ಬ್ರಿಟಿಷರ ವಿರುದ್ಧ ಈಸ್ಟರ್ ದಂಗೆ ಆಯಿತು. ಇನ್ನೊಂದು ತಮಾಷೆ ಕೇಳು. 1911ರಲ್ಲಿ ಲಂಡನ್ ಪಾರ್ಲಿಮೆಂಟು ವಿಮೆ ಕಾಯ್ದೆ ತಂದಿತು. ಕಾಯಿಲೆ ಭತ್ಯೆ ಹಂಚುವ ಕೆಲಸ ಬಂದದ್ದು ಇಂಥ ಸಂಘಗಳಿಗೇ. ಬ್ರಿಟಿಷರ ಆಳ್ವಿಕೆ ಬೇಡ ಅಂದವರೇ ಬ್ರಿಟಿಷ್ ಕಾಯ್ದೆಯ ಭತ್ಯೆ ಹಂಚಿದರು.

ನಿನ್ನ ಭಯಕ್ಕೆ ಸರಿಯಾದ ಉದಾಹರಣೆ ಬೇಕಿದ್ದರೆ ಅಲ್ಲಿಯದೇ ಇಂಥ ಇನ್ನೊಂದು ಸಂಘ, ಹೈಬರ್ನಿಯನ್ಸ್, ನೋಡು. ಬೆಲ್‌ಫಾಸ್ಟಿನ ರಾಜಕಾರಣಿ ಜೋ ಡೆವ್ಲಿನ್ ಆಗ ಅದರ ಅಧ್ಯಕ್ಷ. ಕ್ಯಾಥೊಲಿಕರಿಗೆ ಮಾತ್ರ ಪ್ರವೇಶ. ಅದೇ ವಿಮೆ ಕಾಯ್ದೆ ಬಂದ ಮೇಲೆ ಸದಸ್ಯರು ಒಂದೇ ಸಮನೆ ಏರಿದರು, ಡೆವ್ಲಿನ್‌ನ ಪಕ್ಷದ ಕೈಗೆ ಬಲ ಬಂತು. ಫಾರೆಸ್ಟರ್ಸ್ ಕೂಡ ಹುಟ್ಟಿನಿಂದಲೋ ವಂಶದಿಂದಲೋ ಐರಿಶ್ ಆದವರನ್ನೇ ಸೇರಿಸುತ್ತಿದ್ದದ್ದು ಅನ್ನು. ನಮ್ಮವರು ಯಾರು ಅಂತ ಕೇಳೋದು ಶುರುವಾದರೆ ಎಲ್ಲಿಗೆ ನಿಲ್ಲುತ್ತೆ? ಮೆರವಣಿಗೆಗಿಂತ ನನಗೆ ಅದೇ ಜಾಸ್ತಿ ಹೆದರಿಕೆ.

ನಾನೂ ಒಮ್ಮೆ ಹೀಗೇ ಪುಸ್ತಕ ಒಪ್ಪಿಸಿ ಬಂದವನು. ಆ ಸೊಸೈಟಿ ಹೆಸರು ಬೇಡ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಹೇಳಿಕೊಟ್ಟು ಹಿರಿಯರು ನಮ್ಮನ್ನು ತಯಾರು ಮಾಡಿದ್ದರು. ಆ ಉಮೇದಿನಲ್ಲೇ ಕೆಲಸಕ್ಕೆ ಸೇರಿದೆ. ಒಂದು ವರ್ಷ ಮರಣ ನಿಧಿಯನ್ನು ಒಬ್ಬ ಮುಖಂಡರ ಸನ್ಮಾನಕ್ಕೆ ತೆಗೆಯುವ ಠರಾವಾಯಿತು. ಶಾಮಿಯಾನ, ಪೇಟ, ಗಂಧದ ಹಾರ. ನಡಾವಳಿ ಪುಸ್ತಕದಲ್ಲಿ ನನ್ನ ವಿರೋಧ ಬರೆದು ಸಹಿ ಹಾಕಿ, ಬೀಗದ ಕೈ ಮೇಜಿನ ಮೇಲಿಟ್ಟು ಎದ್ದು ಬಂದೆ. ಮನೆಯಲ್ಲಿ ನಿಮ್ಮ ದೊಡ್ಡಮ್ಮ ಕೂಡ ಶಹಬ್ಬಾಸ್ ಅಂದಳು. ಮುಂದಿನ ಮಳೆಗಾಲ ಒಬ್ಬ ಹೆಂಗಸು ಗಂಡನ ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದಳು. 'ನೀವಿದ್ದಿದ್ರೆ ಸಿಗ್ತಿತ್ತು ಅಂತಾರೆ ಸಾರ್' ಅಂದಳು. ಕೈಯಲ್ಲಿದ್ದದ್ದು ಕೊಟ್ಟು ಕಳಿಸಿದೆ. ಅದೇನು ಅವಳ ಹಕ್ಕಿನ ದುಡ್ಡಾ? ಬಿಟ್ಟು ಬಂದದ್ದು ಸರಿಯೋ ತಪ್ಪೋ, ಇವತ್ತಿಗೂ ತೀರ್ಮಾನ ಆಗಿಲ್ಲ. ನಿನ್ನ ಆ ಸಾಲು ಓದಿ ಎದ್ದು ಕೂತದ್ದು ಅದಕ್ಕೇ.

ಏನು ಮಾಡಬೇಕು ಅಂತ ಹೇಳೋದಕ್ಕೆ ನಾನ್ಯಾರು? ಅಲ್ಲಿಯ ಕಾನೂನು ನನಗೆ ಗೊತ್ತಿಲ್ಲ. ಹಳೇ ಗುಮಾಸ್ತನ ಬುದ್ಧಿ ಅಂದ್ಕೋ. ಮೆರವಣಿಗೆಗೆ ಬೇರೆ ಖಾತೆ, ಬೇರೆ ರಸೀದಿ ಪುಸ್ತಕ ಮಾಡಿಸು. ಇಷ್ಟ ಇದ್ದವರು ಅದಕ್ಕೆ ಹಾಕಲಿ. ನೀನೂ ಹಾಕು, ಕನ್ನಡದ ಬಾವುಟದ ಮೇಲೆ ನಿನಗೇನು ಸಿಟ್ಟು? ಕಷ್ಟದ ನಿಧಿಯಿಂದ ತೆಗೆಯಲು ಇಬ್ಬರ ಸಹಿ ಇರಲಿ. ಕಾಯಿಲೆಯವರು ಬಂದರೆ ಮನೆಮಾತು ಯಾವುದು ಅಂತ ಕೇಳಬೇಡಿ. ಆಗುತ್ತೋ ಇಲ್ಲವೋ, ನೋಡು.

ಬಿಡೋದೇ ಆದರೂ ಸರ್ವ ಸದಸ್ಯರ ಸಭೆ ಮುಗಿಯುವ ತನಕ ತಡಿ. ಲೆಕ್ಕ ಅಲ್ಲಿ ಜೋರಾಗಿ ಓದು. ಯಾರು ಏನಂದರು ಅಂತ ನನಗೆ ಬರಿ.

ಇಂತಿ,
ನಿನ್ನ ದೊಡ್ಡಪ್ಪ